ಸೇನಾ ನೆಲೆಯ ಹಳೇ ಮನೆಗಳು ಮತ್ತು ಹೆರಿಟೇಜ್ ನಿಯಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು ಅಮೆರಿಕದ ಸೇನೆಯಲ್ಲಿದ್ದಾರೆ. ನಾವಿರುವುದು ಬೇಸ್ ಒಳಗೆ, 1930ರ ದಶಕದಲ್ಲಿ ಕಟ್ಟಿದ ಇಟ್ಟಿಗೆ ಮನೆಯಲ್ಲಿ. ಇಂಥ ಮನೆಗೆ ಹೊಸದಾಗಿ ಬರುವ ಕನ್ನಡದ ಕುಟುಂಬದವರು ಫೋನ್ ಮಾಡಿದಾಗ ಮೊದಲು ಕೇಳುವುದು, ‘ಇದು ಹೆರಿಟೇಜ್ ಮನೆಯಂತೆ, ಗೋಡೆಗೆ ಮೊಳೆ ಹೊಡೆಯಬಹುದಾ?’ ಅಂತ. ಆರು ತಿಂಗಳಾದ ಮೇಲೆ ಬರುವ ಫೋನ್ ಬೇರೆ ಥರ ಇರುತ್ತದೆ. ‘ಕಿಟಕಿಯ ಬಣ್ಣ ಉದುರುತ್ತಿದೆ. ಹೇಳಿದರೆ, ಇದು ಐತಿಹಾಸಿಕ ಮನೆ, ಏನೂ ಮಾಡೋಕಾಗಲ್ಲ ಅಂತಾರೆ. ನಿಜವಾ?’

ನಿಜ ಅಲ್ಲ. ಈ ಪುಟ ಬರೆಯಲು ಕಾರಣವೇ ಆ ಎರಡನೇ ಪ್ರಶ್ನೆ. ಹಳೇ ಮನೆಯನ್ನು ಕಾಪಾಡುವ ನಿಯಮ ಅದರೊಳಗಿರುವ ಮಕ್ಕಳ ಆರೋಗ್ಯಕ್ಕೆ ಅಡ್ಡ ಬರುವುದಿಲ್ಲ. ನನಗೆ ಈ ಮನೆಗಳ ಮೇಲೆ ತುಂಬಾ ಪ್ರೀತಿ. ಅದಕ್ಕೇ ನಿಯಮದ ಹೆಸರು ಹೇಳಿ ರಿಪೇರಿ ತಪ್ಪಿಸಿಕೊಳ್ಳುವುದನ್ನು ಕಂಡರೆ ಬೇಜಾರಾಗುತ್ತದೆ.

ಅಷ್ಟಕ್ಕೂ ಇದು ಯಾವ ಕಾನೂನು?

ನ್ಯಾಷನಲ್ ಹಿಸ್ಟಾರಿಕ್ ಪ್ರಿಸರ್ವೇಷನ್ ಆ್ಯಕ್ಟ್. 1966ರ ಅಕ್ಟೋಬರ್ 15ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದರು. ಅದಕ್ಕೂ ಮುಂಚೆ ಹೆದ್ದಾರಿಗಾಗಿ, ನಗರದ ಅಭಿವೃದ್ಧಿಗಾಗಿ ಅಂತ ಅಮೆರಿಕದಲ್ಲಿ ಹಳೇ ಬೀದಿಗಳನ್ನು ಸಾಲುಸಾಲಾಗಿ ನೆಲಸಮ ಮಾಡಿದ್ದರು. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಒಡೆಯಲು ಶುರು ಮಾಡಿದಾಗ ಎಷ್ಟೋ ಜನರ ಕರುಳು ಚುರ್ ಅಂದಿತು. ಆ ಸಿಟ್ಟು, ಸಂಕಟವೂ ಈ ಕಾನೂನಿನ ಹಿಂದಿದೆ.

ನಮಗೆ ಮುಖ್ಯವಾದದ್ದು ಸೆಕ್ಷನ್ 106. ಕೇಂದ್ರ ಸರ್ಕಾರ ತಾನೇ ಮಾಡುವ, ದುಡ್ಡು ಕೊಡುವ ಅಥವಾ ಅನುಮತಿ ಕೊಡುವ ಯಾವುದೇ ಕೆಲಸದಿಂದ ಐತಿಹಾಸಿಕ ಕಟ್ಟಡಕ್ಕೆ ಏನಾಗುತ್ತದೆ ಅಂತ ಮೊದಲೇ ನೋಡಬೇಕು. ಸಂಬಂಧಪಟ್ಟವರನ್ನು ಕೇಳಬೇಕು. ಕೇಳಿದ ಮೇಲೆ ಕೆಲಸ ಮಾಡಬಹುದು. ಕೆಲವು ಸಲ ಮನೆ ಕೆಡವಲೂಬಹುದು. ಅಂದರೆ ಇದು ‘ಕೇಳಿ ಮಾಡು’ ಅನ್ನುವ ಕಾನೂನು. ‘ಮುಟ್ಟಲೇಬೇಡ’ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಪಕ್ಕದಲ್ಲೇ ಸೆಕ್ಷನ್ 110 ಇದೆ. ಸರ್ಕಾರಿ ಇಲಾಖೆಗಳು ತಮ್ಮ ಕೈಯಲ್ಲಿರುವ ಐತಿಹಾಸಿಕ ಕಟ್ಟಡಗಳನ್ನು ಗುರುತಿಸಿ ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮನೆ ಹಾಳಾಗಲು ಬಿಡುವುದೇ ಕಾನೂನಿನ ಆಶಯಕ್ಕೆ ವಿರುದ್ಧ.

ನಮ್ಮ ಮನೆ ಐತಿಹಾಸಿಕ ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಬಾಗಿಲ ಪಕ್ಕ ಕಂಚಿನ ಫಲಕ ಇದ್ದರೆ ಮಾತ್ರ ಐತಿಹಾಸಿಕ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಸಾಮಾನ್ಯವಾಗಿ 50 ವರ್ಷ ದಾಟಿದ ಕಟ್ಟಡವನ್ನು ಈ ದೃಷ್ಟಿಯಿಂದ ನೋಡುತ್ತಾರೆ. ದೊಡ್ಡ ಘಟನೆ, ದೊಡ್ಡ ವ್ಯಕ್ತಿ, ಕಟ್ಟಡದ ವಿನ್ಯಾಸ, ಮಣ್ಣಿನೊಳಗಿಂದ ತಿಳಿಯಬಹುದಾದ ಚರಿತ್ರೆ, ಈ ನಾಲ್ಕರಲ್ಲಿ ಯಾವುದಾದರೂ ಒಂದು ಸಂಬಂಧ ಇರಬೇಕು. ಮೂಲ ರೂಪವೂ ಸಾಕಷ್ಟು ಉಳಿದಿರಬೇಕು.

ಎರಡು ವಿಷಯ ಜನರಿಗೆ ಗೊಂದಲ ತರುತ್ತವೆ. ಒಂದು, ಮನೆ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿರಲೇಬೇಕು ಅಂತಿಲ್ಲ, ಸೇರಲು ಅರ್ಹತೆ ಇದ್ದರೂ ಸೆಕ್ಷನ್ 106 ಅನ್ವಯಿಸುತ್ತದೆ. ಎರಡು, ನಿಮ್ಮ ಮನೆ ಒಂದೇ ಆಗಿ ನೋಡಿದರೆ ಏನೂ ವಿಶೇಷ ಇಲ್ಲದಿರಬಹುದು. ಆದರೆ ಪೆರೇಡ್ ಮೈದಾನದ ಸುತ್ತ ಇರುವ ಮನೆಗಳ ಸಾಲು ಪೂರ್ತಿ ಒಂದು ‘ಹಿಸ್ಟಾರಿಕ್ ಡಿಸ್ಟ್ರಿಕ್ಟ್’, ಅಂದರೆ ಒಟ್ಟಾಗಿ ಐತಿಹಾಸಿಕ ಅಂತ ಗುರುತಿಸಿದ ಪ್ರದೇಶ ಆಗಿದ್ದರೆ ನಿಮ್ಮ ಮನೆಯೂ ಅದರ ಭಾಗ. ಬೇಸಿನಲ್ಲಿ ಐತಿಹಾಸಿಕ ಕಟ್ಟಡಗಳ ವಿಷಯ ನೋಡಿಕೊಳ್ಳುವ ‘ಕಲ್ಚರಲ್ ರಿಸೋರ್ಸಸ್ ಮ್ಯಾನೇಜರ್’ ಅಂತ ಒಬ್ಬರು ಇರುತ್ತಾರೆ. ಮನೆ ನಂಬರ್ ಹೇಳಿ ಅವರನ್ನೇ ಕೇಳಿ. ನಾನು ಮಾತಾಡಿಸಿದವರೆಲ್ಲ, ಒಬ್ಬರಾದರೂ ಆಸಕ್ತಿಯಿಂದ ಕೇಳಿದರಲ್ಲ ಅಂತ ಖುಷಿಪಟ್ಟವರೇ.

ಯಾವ ಕಾಲದ ಮನೆ ಅಂತ ನೋಡಿ ಗುರುತಿಸಬಹುದಾ?

ಖಂಡಿತ. ಗುರುತಿಸುವುದು ಒಳ್ಳೆಯದು ಕೂಡ, ಯಾಕೆಂದರೆ ಒಂದೊಂದು ಕಾಲದ ಮನೆಗೂ ನಿಯಮ ಒಂದೊಂದು ಥರ.

ತೀರ ಹಳೆಯವು ಮೊದಲ ಮಹಾಯುದ್ಧಕ್ಕಿಂತ ಮುಂಚಿನವು. ದಪ್ಪ ಗೋಡೆ, ಎತ್ತರದ ಸೂರು, ಮುಂದೆ ಉದ್ದಕ್ಕೆ ಜಗಲಿ. ಕ್ಯಾನ್ಸಸ್ ರಾಜ್ಯದ ಫೋರ್ಟ್ ಲೆವನ್‌ವರ್ತ್‌ನಲ್ಲಿರುವ ‘ರೂಕರಿ’ ಅನ್ನುವ ಮನೆ 1830ರ ದಶಕದ್ದು. ಮುಂದೆ ಪ್ರಸಿದ್ಧ ಜನರಲ್ ಆದ ಡಗ್ಲಸ್ ಮೆಕಾರ್ಥರ್ ಇನ್ನೂ ಎಳೆಯ ಲೆಫ್ಟಿನೆಂಟ್ ಆಗಿದ್ದಾಗ ಅಲ್ಲಿದ್ದರು. ವಾಷಿಂಗ್ಟನ್ನಿನ ಮರೀನ್ ಬ್ಯಾರಕ್ಸ್‌ನಲ್ಲಿ ಮರೀನ್ ಪಡೆಯ ಮುಖ್ಯಸ್ಥರಾದ ಕಮಾಂಡೆಂಟರ ಮನೆ ಪೂರ್ತಿಯಾಗಿದ್ದು 1806ರಲ್ಲಿ, ಇವತ್ತಿಗೂ ಅವರ ಅಧಿಕೃತ ಮನೆ ಅದೇ. ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಆಲ್ಫ್ರೆಡ್ ಗೈಲ್ಸ್ ವಿನ್ಯಾಸ ಮಾಡಿದ ಸುಣ್ಣಕಲ್ಲಿನ ಅಧಿಕಾರಿಗಳ ಮನೆಗಳ ಸಾಲು ಈಗಲೂ ಇದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿನಲ್ಲಿದ್ದ ಅಮೆರಿಕದ ಪಡೆಗಳನ್ನು ನಡೆಸಿದ ಜನರಲ್ ಪರ್ಶಿಂಗ್ ಹೆಸರಿನ ಮನೆ ಆ ಸಾಲಿನದ್ದೇ.

ಆಮೇಲಿನವು ಎರಡು ಮಹಾಯುದ್ಧಗಳ ನಡುವಿನವು. ನನ್ನ ಮಟ್ಟಿಗೆ ಅಮೆರಿಕದ ಸೇನೆ ಕಟ್ಟಿದ ಅತ್ಯಂತ ಚೆಂದದ ಮನೆಗಳು ಇವೇ. ಮೊದಲ ಯುದ್ಧ ಮುಗಿದ ಮೇಲೆ ಸೈನಿಕರ ಕುಟುಂಬಗಳು ವರ್ಷಗಟ್ಟಲೆ ಯುದ್ಧಕಾಲದ ಮರದ ಶೆಡ್ಡುಗಳಲ್ಲೇ ಇದ್ದವು. 1926ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಂದು ಕಾನೂನು ಮಾಡಿ, ಬೇಡವಾದ ಸೇನಾ ಜಾಗಗಳನ್ನು ಮಾರಿ ಬಂದ ದುಡ್ಡಿನಲ್ಲಿ ಹೊಸ ಮನೆ ಕಟ್ಟಲು ದಾರಿ ಮಾಡಿಕೊಟ್ಟಿತು. ನಕ್ಷೆಗಳು ಸೇನೆಯ ಸರಬರಾಜು, ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಕ್ವಾರ್ಟರ್‌ಮಾಸ್ಟರ್ ಕಚೇರಿಯಿಂದ ಬರುತ್ತಿದ್ದವು. ಆದರೆ ಊರಿಗೆ ತಕ್ಕ ಹಾಗೆ ಹೊರರೂಪ ಬದಲಾಗುತ್ತಿತ್ತು. ಪೂರ್ವದ ಕಡೆ ಕೆಂಪು ಇಟ್ಟಿಗೆ, ಬಿಳಿ ಕಿಟಕಿ. ಟೆಕ್ಸಸ್, ಕ್ಯಾಲಿಫೋರ್ನಿಯಾ ಕಡೆ ಗಿಲಾವು ಗೋಡೆ, ಮೇಲೆ ಕೆಂಪು ಹೆಂಚು. ಸ್ಯಾನ್ ಆಂಟೋನಿಯೋ ಹತ್ತಿರದ ವಾಯುನೆಲೆ ರ‍್ಯಾಂಡಾಲ್ಫ್‌ನಲ್ಲಿ ಅಂಥ ಹೆಂಚಿನ ಮನೆಗಳನ್ನು ಮೊದಲ ಸಲ ನೋಡಿದಾಗ ಕರಾವಳಿಯ ಊರೊಂದಕ್ಕೆ ಬಂದ ಹಾಗೆ ಅನಿಸಿತ್ತು.

ಮೂರನೆಯವು ಎರಡನೇ ಮಹಾಯುದ್ಧ ಮುಗಿದ ಮೇಲಿನವು, ‘ವೆರಿ’ ಮತ್ತು ‘ಕೇಪ್‌ಹಾರ್ಟ್’ ಮನೆಗಳು. ನೆಬ್ರಾಸ್ಕಾದ ಸೆನೆಟರ್ ಕೆನೆತ್ ವೆರಿ 1949ರಲ್ಲಿ, ಇಂಡಿಯಾನಾದ ಸೆನೆಟರ್ ಹೋಮರ್ ಕೇಪ್‌ಹಾರ್ಟ್ 1955ರಲ್ಲಿ ತಂದ ಕಾನೂನುಗಳಿಂದ ಕಟ್ಟಿದ್ದು. ತಗ್ಗು ಸೂರು, ಒಂದೇ ಅಂತಸ್ತು, ಪಕ್ಕದಲ್ಲಿ ಕಾರು ನಿಲ್ಲಿಸಲು ಚಪ್ಪರ. ಸಾವಿರಗಟ್ಟಲೆ ಕಟ್ಟಿದರು, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಕೊನೆಗೆ 1963ರಿಂದ 1975ರವರೆಗಿನ ವಿಯೆಟ್ನಾಂ ಕಾಲದವು.

ಎಲ್ಲ ಮನೆಗೂ ಒಂದೇ ನಿಯಮ ಅಲ್ವಾ?

ಅಲ್ಲ. ಮೂಲ ನಿಯಮದ ಪ್ರಕಾರ ಪ್ರತಿ ಕೆಲಸಕ್ಕೂ ರಾಜ್ಯದ ಐತಿಹಾಸಿಕ ಸಂರಕ್ಷಣಾ ಅಧಿಕಾರಿಯನ್ನು ಕೇಳಬೇಕು. ಎಲ್ಲರೂ ಅವರನ್ನು ‘ಶಿಪೋ’ ಅಂತ ಕರೆಯುತ್ತಾರೆ. ಒಂದು ಕಡತ ಹೋದರೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಸಾವಿರಾರು ಮನೆಗಳ ಪ್ರತಿ ಕಿಟಕಿಗೂ ಹೀಗೆ ಮಾಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೆ ಎರಡು ಸುಲಭದ ದಾರಿ ಇವೆ.

ಒಂದು, ಬೇಸ್ ಮತ್ತು ಶಿಪೋ ಸೇರಿ ಮಾಡಿಕೊಳ್ಳುವ ಒಪ್ಪಂದ. ಯಾವ ಕೆಲಸ ಕೇಳದೆ ಮಾಡಬಹುದು, ಯಾವುದು ಕೇಳಿ ಮಾಡಬೇಕು ಅಂತ ಅದರಲ್ಲಿ ಮೊದಲೇ ಬರೆದಿರುತ್ತದೆ. ಇನ್ನೊಂದು, ವಾಷಿಂಗ್ಟನ್ನಿನ ಅಡ್ವೈಸರಿ ಕೌನ್ಸಿಲ್, ಅಂದರೆ ಸಂರಕ್ಷಣೆಯ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿ, ಒಂದು ಇಡೀ ಕಾಲದ ಮನೆಗಳಿಗೆ ಒಂದೇ ಸಲ ಒಟ್ಟಾಗಿ ಕೊಡುವ ಅಭಿಪ್ರಾಯ. ಅದರ ಹೆಸರು ‘ಪ್ರೋಗ್ರಾಂ ಕಾಮೆಂಟ್’. ಆರ್ಮಿಯ ಕೇಪ್‌ಹಾರ್ಟ್, ವೆರಿ ಮನೆಗಳಿಗೆ ಇದು 2002ರಲ್ಲಿ ಬಂತು, ನೇವಿ ಮತ್ತು ಏರ್‌ಫೋರ್ಸ್‌ಗೆ 2004ರಲ್ಲಿ. ಆರ್ಮಿಯ 1919ರಿಂದ 1940ರವರೆಗಿನ ಮನೆಗಳಿಗೆ 2020ರಲ್ಲಿ, ವಿಯೆಟ್ನಾಂ ಕಾಲದ ಮನೆಗಳಿಗೆ 2023ರಲ್ಲಿ.

ಹಾಗಾಗಿ ನಿಮ್ಮದು 1955ರ ನಂತರದ ಕೇಪ್‌ಹಾರ್ಟ್ ಮನೆಯಾಗಿದ್ದು, ಅಡುಗೆಮನೆ ನವೀಕರಿಸಲು ಶಿಪೋ ಒಪ್ಪುತ್ತಿಲ್ಲ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನಪಡಿ. ಆ ಮನೆಗಳ ವಿಷಯದಲ್ಲಿ ಕೆಲಸಕ್ಕೊಂದು ಸಲ ಶಿಪೋ ಹತ್ತಿರ ಹೋಗುವ ಅಗತ್ಯವನ್ನೇ ಪ್ರೋಗ್ರಾಂ ಕಾಮೆಂಟ್ ತೆಗೆದುಹಾಕಿದೆ.

2020ರದ್ದು ನಮ್ಮ ಮನೆಗೂ ಅನ್ವಯಿಸುವುದರಿಂದ ಅದನ್ನು ಗಮನವಿಟ್ಟು ಓದಿದ್ದೇನೆ. ಅದರಲ್ಲಿ ಸಾಮಗ್ರಿ ಆರಿಸಲು ಒಂದು ಕ್ರಮ ಇದೆ. ಮೊದಲು ಮೂಲ ಸಾಮಗ್ರಿಯನ್ನೇ, ಅಥವಾ ಅದೇ ಜಾತಿಯದ್ದನ್ನು ಬಳಸಲು ನೋಡಬೇಕು. ಆಗದಿದ್ದರೆ ನೋಡಲು ಅದೇ ಥರ ಇರುವ ಬದಲಿ ಸಾಮಗ್ರಿ. ಖರ್ಚು, ಕುಟುಂಬದ ಆರೋಗ್ಯ, ಸುರಕ್ಷತೆ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಸ್ಪಷ್ಟವಾಗೇ ಹೇಳಿದೆ. ಸಂರಕ್ಷಣೆಯ ಜನರಲ್ಲಿ ಕೆಲವರಿಗೆ ಇದು ತೀರ ಸಡಿಲ ಅನಿಸಬಹುದು. ಆದರೆ ಜನ ವಾಸ ಮಾಡುವ ಮನೆಯೇ ಉಳಿಯುವ ಮನೆ. ನನಗೆ ಇದು ಸರಿ ಅನಿಸುತ್ತದೆ.

ಮನೆ ಈಗ ಖಾಸಗಿ ಕಂಪನಿಯದ್ದು ತಾನೇ? ಸರ್ಕಾರದ ನಿಯಮ ಅವರಿಗೆ ಹೇಗೆ ಅನ್ವಯಿಸುತ್ತದೆ?

1996ರಲ್ಲಿ ಬಂದ ಖಾಸಗೀಕರಣದ ಕಾನೂನಿನ ಮೇಲೆ ಅಮೆರಿಕದೊಳಗಿನ ಬೇಸುಗಳ ಬಹುತೇಕ ಎಲ್ಲ ಕುಟುಂಬ ಮನೆಗಳೂ ಕಂಪನಿಗಳ ಕೈಗೆ ಹೋದವು. ಸಾಮಾನ್ಯವಾಗಿ ಜಾಗ ಸರ್ಕಾರದ್ದೇ, ಕಂಪನಿಗೆ 50 ವರ್ಷದ ಗುತ್ತಿಗೆ. ಮನೆ ಕಂಪನಿಯದ್ದು. ನಮ್ಮ ಮನೆ ಬಾಡಿಗೆ ಭತ್ಯೆ ನೇರ ಅವರಿಗೆ ಹೋಗುತ್ತದೆ.

ಐತಿಹಾಸಿಕ ಕಟ್ಟಡವನ್ನು ಸರಿಯಾದ ಷರತ್ತಿಲ್ಲದೆ ಸರ್ಕಾರದ ಕೈಯಿಂದ ಬಿಟ್ಟುಕೊಡುವುದೇ ಒಂದು ಹಾನಿ ಅಂತ ಸೆಕ್ಷನ್ 106ರ ನಿಯಮ ಹೇಳುತ್ತದೆ. ಹಾಗಾಗಿ ಮನೆ ಹಸ್ತಾಂತರ ಮಾಡುವಾಗಲೇ ಷರತ್ತುಗಳನ್ನು ಒಪ್ಪಂದಗಳಲ್ಲಿ ಬರೆದುಕೊಂಡಿದ್ದಾರೆ. ಕಂಪನಿ ಆ ಷರತ್ತುಗಳಿಗೆ ಬದ್ಧ. ನಾವು ಬಾಡಿಗೆದಾರರು ಸೆಕ್ಷನ್ 106ರ ಅರ್ಜಿ ಹಾಕುವ ಅಗತ್ಯ ಇಲ್ಲ. ನಮ್ಮ ಕೆಲಸ ಲೀಸ್, ಅಂದರೆ ಕಂಪನಿಯ ಜೊತೆಗಿನ ಬಾಡಿಗೆ ಕರಾರು ಓದುವುದು, ಮಾಡುವ ಮುಂಚೆ ಕೇಳುವುದು, ಅಷ್ಟೇ.

ಸರಿ, ಮೊಳೆ ಹೊಡೆಯಬಹುದಾ? ತೋರಣ ಕಟ್ಟಬಹುದಾ?

ಫೋಟೋ ಹಾಕಲು ಚಿಕ್ಕ ಮೊಳೆಗೆ ಹೆಚ್ಚಿನ ಕಡೆ ತೊಂದರೆ ಇಲ್ಲ. ಆದರೆ ಲೀಸ್ ನೋಡಿ. ಹಳೇ ಗೋಡೆಯ ಪ್ಲಾಸ್ಟರ್ ಸುಲಭಕ್ಕೆ ಚಕ್ಕೆ ಏಳುತ್ತದೆ. ಕೋಣೆಯ ಮೇಲಂಚಿಗೆ ಮರದ ಪಟ್ಟಿ ಇದ್ದರೆ ಅದು ಚಿತ್ರ ತೂಗುಹಾಕಲೆಂದೇ ಮಾಡಿದ್ದು. ಕೊಕ್ಕೆ ಸಿಕ್ಕಿಸಿ ದಾರದಲ್ಲಿ ತೂಗುಬಿಡಿ, ಮೊಳೆಯೇ ಬೇಡ.

ಬಾಗಿಲಿಗೆ ತೋರಣ, ಮೆಟ್ಟಿಲ ಮುಂದೆ ರಂಗೋಲಿ, ಕುಂಡದಲ್ಲಿ ತುಳಸಿ ಯಾವುದಕ್ಕೂ ಅಡ್ಡಿಯಿಲ್ಲ. ಇಟ್ಟಿಗೆಯ ಒಳಗೆ ಮಾತ್ರ ಏನನ್ನೂ ಕೊರೆಯಬೇಡಿ. ಬಾಗಿಲ ಚೌಕಟ್ಟಿಗೂ ಹೊಸ ಮೊಳೆ ಬೇಡ, ತೆಗೆದುಹಾಕಬಹುದಾದ ಕೊಕ್ಕೆ ಸಾಕು. ಸಿಮೆಂಟಿನ ತುಳಸಿಕಟ್ಟೆ, ಬೇಲಿ, ಡಿಶ್ ಆಂಟೆನಾ, ಹೊರಗಿನ ಬಣ್ಣ ಇವಕ್ಕೆಲ್ಲ ಬರೆದು ಅನುಮತಿ ಪಡೆಯಬೇಕು. ಮರದ ಕೆಲಸದ ಮೇಲೆ ನೀವಾಗಿ ಬಣ್ಣ ಹಚ್ಚುವುದು, ಉಜ್ಜುವುದು ಎರಡೂ ಬೇಡ. ಕಾರಣ ಮುಂದೆ ಸೀಸದ ಪ್ರಶ್ನೆಯಲ್ಲಿ ಹೇಳುತ್ತೇನೆ.

ಕಿಟಕಿಗಳನ್ನು ಯಾಕೆ ಬದಲಾಯಿಸಿ ಕೊಡಲ್ಲ? ಚಳಿಗಾಲದಲ್ಲಿ ಗಾಳಿ ನುಗ್ಗುತ್ತದೆ.

ಅತಿ ಹೆಚ್ಚು ಜಗಳ ಆಗುವ ವಿಷಯ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಊಟದ ಕೋಣೆಯ ಕಿಟಕಿಯನ್ನು ಒಬ್ಬರು ಮರಗೆಲಸದವರು ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿದ್ದೆ. ಎರಡು ಮರದ ಚೌಕಟ್ಟು, ಒಂದರ ಹಿಂದೆ ಒಂದು ಮೇಲೆ ಕೆಳಗೆ ಜಾರುತ್ತವೆ. ಚೌಕಟ್ಟಿನ ಎರಡೂ ಪಕ್ಕದಲ್ಲಿ ಹತ್ತಿಯ ಹಗ್ಗ. ಅದು ಚಿಕ್ಕ ರಾಟೆಯ ಮೇಲೆ ಹಾದು ಗೋಡೆಯೊಳಗಿನ ಗೂಡಿಗೆ ಇಳಿಯುತ್ತದೆ. ಹಗ್ಗದ ತುದಿಯಲ್ಲಿ ಎರಕದ ಕಬ್ಬಿಣದ ಗುಂಡು. ಬಾವಿಯ ರಾಟೆ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಗುಂಡಿನ ತೂಕ ಚೌಕಟ್ಟಿನ ತೂಕಕ್ಕೆ ಸಮ, ಅದಕ್ಕೇ ಅಷ್ಟು ಭಾರದ ಕಿಟಕಿ ಎರಡು ಬೆರಳಿಗೆ ಏಳುತ್ತದೆ. ನಮ್ಮದು ಏಳುತ್ತಿರಲಿಲ್ಲ. ಹಗ್ಗ ತುಂಡಾಗಿ ಗುಂಡು ಗೂಡಿನ ತಳಕ್ಕೆ ಬಿದ್ದಿತ್ತು, ಮೇಲೆ ಯಾರೋ ಬಣ್ಣ ಬಳಿದು ಕಿಟಕಿಯನ್ನೇ ಮೆತ್ತಿಬಿಟ್ಟಿದ್ದರು. ಹೊಸ ಹಗ್ಗ ಕಟ್ಟಿ, ಗಾಜಿನ ಸುತ್ತ ಹೊಸ ಪುಟ್ಟಿ ಹಾಕಿ, ಅಂಚಿಗೆ ಗಾಳಿ ತಡೆಯುವ ಪಟ್ಟಿ ಕೂರಿಸಿದರು. ಅರ್ಧ ದಿನದ ಕೆಲಸ.

ಆ ಮರ ಹಳೇ ಕಾಡಿನ ಮರ, ನಿಧಾನವಾಗಿ ಬೆಳೆದು ಗಟ್ಟಿಯಾದದ್ದು. ಒಂದು ಭಾಗ ಹಾಳಾದರೆ ಆ ಭಾಗ ಮಾತ್ರ ಬದಲಾಯಿಸಬಹುದು. ಪ್ಲಾಸ್ಟಿಕ್ ಕಿಟಕಿಯ ಜೋಡಿ ಗಾಜಿನ ಸೀಲ್ ಹೋದರೆ ಆ ಗಾಜು ಪೂರ್ತಿ ಎಸೆಯಬೇಕು. ಐತಿಹಾಸಿಕ ಕಟ್ಟಡಗಳಿಗೆ ಅಮೆರಿಕದ ಇಂಟೀರಿಯರ್ ಇಲಾಖೆ ಮಾಡಿರುವ ಮಾನದಂಡವೂ ಇದನ್ನೇ ಹೇಳುತ್ತದೆ. ಮೊದಲು ರಿಪೇರಿ. ರಿಪೇರಿ ಆಗದಷ್ಟು ಹಾಳಾಗಿದ್ದರೆ, ಮೂಲದ್ದಕ್ಕೆ ಹೊಂದುವ ಹೊಸದು.

ಗಾಳಿ ನುಗ್ಗುವುದಕ್ಕೆ ಪರಿಹಾರ ಹೊರಗಡೆ ಇನ್ನೊಂದು ಪದರದ ಕಿಟಕಿ. ಇಲ್ಲಿ ಅದನ್ನು ‘ಸ್ಟಾರ್ಮ್ ವಿಂಡೋ’ ಅಂತಾರೆ. ರಿಪೇರಿ ಮಾಡಿದ ಹಳೇ ಕಿಟಕಿ, ಅದರ ಮೇಲೆ ಒಳ್ಳೆಯ ಸ್ಟಾರ್ಮ್ ವಿಂಡೋ ಎರಡೂ ಸೇರಿದರೆ ಹೊಸ ಜೋಡಿ ಗಾಜಿನ ಕಿಟಕಿಗೆ ಹತ್ತಿರ ಹತ್ತಿರ ಬೆಚ್ಚಗಿಡುತ್ತದೆ. ಇದನ್ನು ಹಾಕಿಕೊಡಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ. ಕೇಳುವಾಗ ‘ಕಿಟಕಿ ಬದಲಾಯಿಸಿ’ ಅನ್ನಬೇಡಿ. ‘ಕಿಟಕಿ ರಿಪೇರಿ ಮಾಡಿ, ಸ್ಟಾರ್ಮ್ ವಿಂಡೋ ಹಾಕಿ’ ಅನ್ನಿ. ಕಡತ ಬೇಗ ಓಡುತ್ತದೆ.

ಹಳೇ ಬಣ್ಣದಲ್ಲಿ ಸೀಸ ಇರುತ್ತದಂತೆ. ಮಕ್ಕಳಿದ್ದಾರೆ. ಏನು ಮಾಡಬೇಕು?

ದಯವಿಟ್ಟು ಇದನ್ನು ಪೂರ್ತಿ ಓದಿ.

ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಬಳಸುವುದನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು. ಅದಕ್ಕಿಂತ ಹಳೇ ಮನೆಯಾದರೆ ಸೀಸ ಇದೆ ಅಂತಲೇ ಅಂದುಕೊಂಡು ನಡೆದುಕೊಳ್ಳಿ. ಗಟ್ಟಿಯಾಗಿ ಕೂತಿರುವ ಬಣ್ಣದಿಂದ ಅಪಾಯ ಕಡಿಮೆ. ಉದುರುವ ಬಣ್ಣ, ಉಜ್ಜಾಡಿ ಪುಡಿಯಾಗುವ ಬಣ್ಣ ಅಪಾಯ. ಎಲ್ಲಕ್ಕಿಂತ ಜಾಸ್ತಿ ಪುಡಿಯಾಗುವ ಜಾಗ ಕಿಟಕಿಯ ಚೌಕಟ್ಟು ಜಾರುವ ಸಂದಿ. ಕಿಟಕಿ ತೆಗೆದಾಗಲೆಲ್ಲ ಹಳೇ ಬಣ್ಣ ತೇಯುತ್ತದೆ, ಧೂಳು ಕಿಟಕಿ ಹಲಗೆಯ ಮೇಲೆ ಬೀಳುತ್ತದೆ. ಎದ್ದು ನಿಲ್ಲಲು ಕಲಿಯುವ ಮಗು ಹಿಡಿದುಕೊಳ್ಳುವುದು ಆ ಹಲಗೆಯನ್ನೇ, ಆಮೇಲೆ ಕೈ ಬಾಯಿಗೆ ಹೋಗುತ್ತದೆ.

ನಾನು ವಾರಕ್ಕೆರಡು ಸಲ ಕಿಟಕಿ ಹಲಗೆಗಳನ್ನು ಒದ್ದೆ ಪೇಪರ್ ಟವೆಲಿನಿಂದ ಒರೆಸಿ, ಆ ಪೇಪರನ್ನು ಆಗಲೇ ಎಸೆಯುತ್ತೇನೆ. ಒಣ ಬಟ್ಟೆ, ಪೊರಕೆ ಎರಡೂ ಧೂಳು ಎಬ್ಬಿಸುತ್ತವೆ. ಮಗುವಿಗೆ ಒಂದು ವರ್ಷ, ಎರಡು ವರ್ಷ ಆದಾಗ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಹೇಳುತ್ತಿದೆ. ಸೀಸಕ್ಕೆ ಸುರಕ್ಷಿತ ಮಟ್ಟ ಅಂತ ಒಂದಿಲ್ಲ.

ಮನೆ ಕೊಡುವ ಮುಂಚೆ, ಸೀಸದ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಬರೆದು ತಿಳಿಸಿ, ಕೈಪಿಡಿಯನ್ನೂ ಕೊಡಬೇಕು ಅಂತ ಕಾನೂನಿದೆ. ಕೋಣೆಯೊಳಗೆ 6 ಚದರ ಅಡಿಗಿಂತ ಜಾಸ್ತಿ ಅಥವಾ ಹೊರಗೆ 20 ಚದರ ಅಡಿಗಿಂತ ಜಾಸ್ತಿ ಹಳೇ ಬಣ್ಣವನ್ನು ಕದಲಿಸುವ ಕೆಲಸಕ್ಕೆ ಸರ್ಟಿಫಿಕೇಟ್ ಇರುವವರೇ ಬರಬೇಕು. ಕಿಟಕಿ ಬದಲಾಯಿಸುವುದಾದರೆ ಅಳತೆಯ ಲೆಕ್ಕವೇ ಇಲ್ಲ, ಯಾವಾಗಲೂ ಅವರೇ ಬೇಕು. ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು, ಮುಗಿದ ಮೇಲೆ ಒರೆಸಿ ಪರೀಕ್ಷೆ ಮಾಡಬೇಕು. ನಾವು ಮುಂಚೆ ಇದ್ದ ಒಂದು ಬೇಸಿನಲ್ಲಿ ಕೆಲಸದವನೊಬ್ಬ ಒಣ ಉಜ್ಜುಕಾಗದ ಹಿಡಿದು ಬಾಗಿಲು ಉಜ್ಜಲು ಬಂದಿದ್ದ. ಕೆಳಗೆ ಒಂದು ಹಾಳೆಯೂ ಹಾಸಿರಲಿಲ್ಲ. ನಿಲ್ಲಿಸಿ ಅಂದೆ. ಅವನಿಗೆ ನಿಯಮವೇ ಗೊತ್ತಿರಲಿಲ್ಲ ಪಾಪ. ನೀವೂ ಹಾಗೆ ನಿಲ್ಲಿಸಿ, ಸಂಕೋಚ ಬೇಡ.

ಇನ್ನು ಮುಖ್ಯ ಮಾತು. ಸೀಸ ತೆಗೆಯಲು ಹೆರಿಟೇಜ್ ನಿಯಮ ಅಡ್ಡ ಬರುತ್ತಾ? ಬರಲ್ಲ. ಕಿಟಕಿಯ ಚೌಕಟ್ಟು ಬಿಚ್ಚಿಕೊಂಡು ಹೋಗಿ, ಬೇರೆ ಕಡೆ ಬಣ್ಣ ಪೂರ್ತಿ ತೆಗೆದು, ಹೊಸದಾಗಿ ಬಣ್ಣ ಹಚ್ಚಿ ವಾಪಸ್ ಕೂರಿಸಬಹುದು. ಆಗ ಮೂಲ ಕಿಟಕಿಯೂ ಉಳಿಯುತ್ತದೆ, ಸೀಸವೂ ಹೋಗುತ್ತದೆ.

ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬಿದರೆ ಏನು ತಪ್ಪು?

ಅಮ್ಮ ಹಾಸನದಿಂದ ಬಂದಿದ್ದಾಗ ನಮ್ಮ ಹಿಂದಿನ ಗೋಡೆಯ ಸಂದಿಯನ್ನು ಉಗುರಿನಿಂದ ಕೆರೆದು ನೋಡಿ, ‘ಇದು ಅಜ್ಜನ ಮನೆ ಗಾರೆ ಥರಾನೇ ಇದೆಯಲ್ಲೇ’ ಅಂದರು. ಹೌದು, ಹಳೇ ಗಾರೆಯಲ್ಲಿ ಸುಣ್ಣ ಜಾಸ್ತಿ. ಅದು ಇಟ್ಟಿಗೆಗಿಂತ ಮೆತ್ತಗೆ. ಗೋಡೆಯೊಳಗೆ ಹೋದ ನೀರು ಆ ಸಂದಿಯಿಂದಲೇ ಹೊರಗೆ ಆರಿಹೋಗುತ್ತದೆ. ಗಟ್ಟಿ ಸಿಮೆಂಟ್ ತುಂಬಿದರೆ ನೀರು ಇಟ್ಟಿಗೆಯೊಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಗಾರೆಯನ್ನು ಹತ್ತಾರು ವರ್ಷಕ್ಕೊಮ್ಮೆ ಹೊಸದಾಗಿ ತುಂಬಬಹುದು. ಒಡೆದ ಇಟ್ಟಿಗೆಯ ಮುಖ ಮತ್ತೆ ಬರುವುದಿಲ್ಲ. ಅದಕ್ಕೇ ಗಾರೆಯ ಹದದ ಬಗ್ಗೆ ನಿಯಮ ಇಷ್ಟು ಬಿಗಿ.

ಎಸಿ, ಸೋಲಾರ್, ವೀಲ್‌ಚೇರ್ ರ‍್ಯಾಂಪ್?

ಮೂರೂ ಸಾಧ್ಯ. ರಸ್ತೆಯಿಂದ ಕಾಣುವ ಮುಖ ಕೆಡದ ಹಾಗೆ ಹಿಂದೆ ಅಥವಾ ಪಕ್ಕದಲ್ಲಿ ಮಾಡಿ ಅನ್ನುವುದು ಸಾಮಾನ್ಯ ನೀತಿ. ರ‍್ಯಾಂಪನ್ನು ಮುಂದೆ ತೆಗೆಯಬಹುದಾದ ಹಾಗೆ ಕಟ್ಟುತ್ತಾರೆ. ಮನೆಯಲ್ಲಿ ಅಂಗವಿಕಲರು ಇದ್ದರೆ ಮನೆ ಕೇಳುವಾಗಲೇ ಬರೆದು ತಿಳಿಸಿ.

ಪೈಪ್ ಒಡೆದರೂ 30 ದಿನ ಕಾಯಬೇಕಾ?

ಇಲ್ಲವೇ ಇಲ್ಲ. ಜೀವ, ಆಸ್ತಿ ಉಳಿಸಲು ತಕ್ಷಣ ಮಾಡುವ ಕೆಲಸ ಸೆಕ್ಷನ್ 106ರಿಂದ ಹೊರಗೆ. ಅದಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಸರಿಮಾಡುವ ಚಿಲ್ಲರೆ ಕೆಲಸಗಳನ್ನು ಕೇಳದೆ ಮಾಡಬಹುದು ಅಂತ ಹೆಚ್ಚಿನ ಬೇಸುಗಳ ಒಪ್ಪಂದದಲ್ಲೇ ಬರೆದಿರುತ್ತಾರೆ. ನಲ್ಲಿ, ವೈರಿಂಗ್, ಸೋರುವ ಸೂರು, ಬೂಸ್ಟು ಹಿಡಿದ ಗೋಡೆ ಇದಕ್ಕೆಲ್ಲ ‘ಅನುಮತಿ ಬರಬೇಕು’ ಅನ್ನುವ ಉತ್ತರ ಬಂದರೆ, ಯಾರ ಅನುಮತಿ, ಯಾವ ತಾರೀಖಿಗೆ ಕೇಳಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ.

ಹಿತ್ತಲಲ್ಲಿ ಸೊಪ್ಪು, ಮೆಣಸಿನಕಾಯಿ ಹಾಕಬಹುದಾ?

ಕುಂಡದಲ್ಲಿ, ಎತ್ತರಿಸಿದ ಮಡಿಯಲ್ಲಿ ಆರಾಮಾಗಿ ಹಾಕಿ. ನೆಲ ಅಗೆಯುವ ಮುಂಚೆ ಕೇಳಿ. ಕೇಬಲ್, ಗ್ಯಾಸ್ ಪೈಪ್ ಒಂದು ಕಾರಣ. ಹಳೇ ಮನೆಯ ಗೋಡೆ ಪಕ್ಕದ ಮಣ್ಣಿನಲ್ಲೂ ಉದುರಿದ ಬಣ್ಣದ ಸೀಸ ಇರುತ್ತದೆ, ಅಲ್ಲಿ ತಿನ್ನುವ ಗಿಡ ಬೆಳೆಸಬಾರದು. ಮೂರನೆಯದು, ಮಣ್ಣಿನೊಳಗಿನ ಹಳೇ ವಸ್ತುಗಳು. ಸರ್ಕಾರಿ ಜಾಗದಲ್ಲಿ 100 ವರ್ಷಕ್ಕಿಂತ ಹಳೇ ಪುರಾತತ್ವದ ವಸ್ತುಗಳನ್ನು ಅನುಮತಿ ಇಲ್ಲದೆ ಅಗೆದು ತೆಗೆಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ಅಕಸ್ಮಾತ್ ಅಂಗಿಯ ಹಳೇ ಗುಂಡಿ, ಬಾಟಲಿ ಸಿಕ್ಕರೆ ಅಲ್ಲೇ ಬಿಟ್ಟು ಕಲ್ಚರಲ್ ರಿಸೋರ್ಸಸ್ ಮ್ಯಾನೇಜರಿಗೆ ಹೇಳಿ. ಮುಂದಿನ ಹುಲ್ಲುಹಾಸು, ದೊಡ್ಡ ಮರಗಳು ಕೂಡ ಐತಿಹಾಸಿಕ ನೋಟದ ಭಾಗ, ಕೊಂಬೆ ಕಡಿಯಬೇಡಿ.

ಈ ಮನೆಗಳನ್ನು ಕೆಡವಬಹುದಾ? ನಮಗೇನಾದರೂ ಹೇಳಲು ಅವಕಾಶ ಇದೆಯಾ?

ಕೆಡವಬಹುದು, ಕೆಡವಿದ್ದಾರೆ ಕೂಡ. ಮೊದಲು ಬೇರೆ ದಾರಿ ಇದೆಯಾ ಅಂತ ನೋಡಬೇಕು, ಶಿಪೋ ಜೊತೆ ಮಾತಾಡಬೇಕು. ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ ಆ ಜಾಗದ ಜೊತೆ ನಂಟಿದ್ದರೆ ಅವರನ್ನೂ ಕೇಳಬೇಕು. ಕೆಡವಲೇಬೇಕು ಅಂತಾದರೆ ಸಾಮಾನ್ಯವಾಗಿ ಅಳತೆ ನಕ್ಷೆ, ಫೋಟೋ ತೆಗೆದು ದಾಖಲೆ ಮಾಡುತ್ತಾರೆ. 1933ರಲ್ಲಿ ಶುರುವಾದ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೇಗೆ ಮಾಡಿದ ಇಂಥ ದಾಖಲೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಿಸಿದ ಜಾಗಗಳಲ್ಲಿ, ಉದಾಹರಣೆಗೆ ಲೆವನ್‌ವರ್ತ್‌ನಲ್ಲಿ, ಹಾನಿ ಆದಷ್ಟೂ ಕಡಿಮೆ ಮಾಡಬೇಕು ಅನ್ನುವ ಬಿಗಿ ನಿಯಮ ಇದೆ.

ಸೆಕ್ಷನ್ 106ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವುದು ಕಡ್ಡಾಯ. ಆ ಮನೆಯಲ್ಲಿ ವಾಸ ಮಾಡಿದ ನಮಗೆ ಹೇಳಲು ಎಲ್ಲರಿಗಿಂತ ಜಾಸ್ತಿ ಇರುತ್ತದೆ. ಸಮಾಲೋಚನೆಯಲ್ಲಿ ಭಾಗಿಯಾಗುತ್ತೇವೆ ಅಂತ ಬರೆದು ಕೇಳಬಹುದು.

ಜನರಲ್‌ಗಳ ಬಂಗಲೆಗೆ ಎಷ್ಟು ಬೇಕಾದರೂ ಖರ್ಚು ಮಾಡ್ತಾರಂತೆ?

ಹಾಗಾಗಲ್ಲ. ಅಂಥ ಒಂದು ಮನೆಯ ನಿರ್ವಹಣೆಗೆ ವರ್ಷಕ್ಕೆ ಇಷ್ಟು ಅಂತ ಇರುವ ಮಿತಿಗಿಂತ ಜಾಸ್ತಿ ಸರ್ಕಾರದ ದುಡ್ಡು ಹಾಕುವುದಾದರೆ ಮೊದಲೇ ಕಾಂಗ್ರೆಸ್‌ಗೆ ತಿಳಿಸಬೇಕು. ಹಳೇ ದೊಡ್ಡ ಮನೆಯ ಸೂರು ಒಂದನ್ನೇ ಸರಿಮಾಡಿದರೂ ಆ ಮಿತಿ ದಾಟಬಹುದು.

ಹೊರದೇಶದ ಬೇಸ್‌ಗಳಲ್ಲಿ?

ಅಲ್ಲಿ ಸೆಕ್ಷನ್ 106 ಇಲ್ಲ. ವಿಶ್ವ ಪರಂಪರೆಯ ಪಟ್ಟಿ ಅಥವಾ ಆ ದೇಶದ ರಾಷ್ಟ್ರೀಯ ಪಟ್ಟಿಯಲ್ಲಿರುವ ತಾಣಗಳಿಗೆ ಹಾನಿ ಆಗದ ಹಾಗೆ ನೋಡಿಕೊಳ್ಳಬೇಕು ಅನ್ನುವ ಬೇರೆ ನಿಯಮ ಇದೆ, 1980ರಲ್ಲಿ ಸೇರಿಸಿದ್ದು.

ಬೆಂಗಳೂರು ಕಂಟೋನ್ಮೆಂಟಿನ ಬಂಗಲೆಗಳಿಗೂ ಇಂಥ ಕಾನೂನು ಇತ್ತಾ?

ಊರಿಂದ ಬಂದವರೆಲ್ಲ ಇದನ್ನು ಕೇಳೇ ಕೇಳುತ್ತಾರೆ. 1809ರಲ್ಲಿ ಶುರುವಾದ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಮೇಲೆ ಮೊನಚಾದ ಮರದ ಮುಚ್ಚಿಗೆ ಇರುವ ‘ಮಂಕಿ ಟಾಪ್’ ಕಿಟಕಿಗಳ, ಹೆಂಚಿನ ಬಂಗಲೆಗಳು ಎಷ್ಟಿದ್ದವು! ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು. ಭಾರತದ 1958ರ ಸ್ಮಾರಕ ಕಾನೂನು ಕಾಪಾಡುವುದು ಸರ್ಕಾರ ಘೋಷಿಸಿದ ಸ್ಮಾರಕಗಳನ್ನು, ಅದೂ 100 ವರ್ಷ ದಾಟಿದವನ್ನು. ಜನ ವಾಸ ಮಾಡುವ ಸಾಮಾನ್ಯ ಹಳೇ ಮನೆಗೆ, ‘ಕೆಡವುವ ಮುಂಚೆ ಒಂದು ಮಾತು ಕೇಳಿ’ ಅನ್ನುವ ಏರ್ಪಾಡು ಅದರಲ್ಲಿ ಇಲ್ಲ. ಇದ್ದಿದ್ದರೆ ಇನ್ನಷ್ಟು ಉಳಿಯುತ್ತಿದ್ದವು ಅಂತ ನನ್ನ ನಂಬಿಕೆ.

‘ಐತಿಹಾಸಿಕ ಮನೆ’ ಅಂತ ಹೇಳಿ ರಿಪೇರಿ ಮಾಡದಿದ್ದರೆ ಯಾರ ಹತ್ತಿರ ಹೋಗಬೇಕು?

ಬೇಸ್ ಮನೆಗಳ ಸ್ಥಿತಿ ಬಗ್ಗೆ, ಅದರಲ್ಲೂ ಸೀಸದ ಬಗ್ಗೆ, 2018ರಲ್ಲಿ ಪತ್ರಿಕಾ ವರದಿಗಳು ಬಂದ ಮೇಲೆ ದೊಡ್ಡ ಗಲಾಟೆ ಆಯಿತು. ತಾಯಂದಿರು ಸೆನೆಟ್ ಮುಂದೆ ಹೋಗಿ ಮಾತಾಡಿದರು. 2019ರ ಡಿಸೆಂಬರಿನಲ್ಲಿ ಬಂದ ಕಾನೂನಿನಿಂದ ನಮಗೆ ಬಾಡಿಗೆದಾರರ ಹಕ್ಕುಪಟ್ಟಿ ಸಿಕ್ಕಿತು, ಒಟ್ಟು 18 ಹಕ್ಕು. ಐತಿಹಾಸಿಕ ಮನೆಯಾದರೂ ಹಕ್ಕು ಅಷ್ಟೇ.

ಸಹಿ ಹಾಕುವ ಮುಂಚೆ ಮನೆಯ ಹಿಂದಿನ 7 ವರ್ಷದ ರಿಪೇರಿ ಚರಿತ್ರೆ ಕೇಳಿ ಪಡೆಯಿರಿ. ಹಳೇ ಮನೆಗೆ ಇದು ಚಿನ್ನದಂಥ ಕಾಗದ. ಒಂದೇ ಗೋಡೆಗೆ ಮೂರು ಸಲ ಬೂಸ್ಟಿನ ದೂರು ಇದ್ದರೆ ಗೊತ್ತಾಗಿಬಿಡುತ್ತದೆ. ದೂರು ಕೊಡುವಾಗ ಫೋಟೋ, ತಾರೀಖು ಸಮೇತ ಕೊಡಿ. ಕಂಪನಿ ಕೇಳದಿದ್ದರೆ ಬೇಸಿನ ಸರ್ಕಾರಿ ಹೌಸಿಂಗ್ ಆಫೀಸ್, ಅಲ್ಲಿಯ ಬಾಡಿಗೆದಾರರ ವಕಾಲತ್ತು ವಹಿಸುವ ಸಿಬ್ಬಂದಿ, ಆಮೇಲೆ ಕಮಾಂಡ್. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವ ಹಾಗಿಲ್ಲ. ವಿವಾದ ಬಗೆಹರಿಸುವ ವಿಧಾನವೂ ಇದೆ, ಅದು ನಡೆಯುವಾಗ ಬಾಡಿಗೆ ಕಂಪನಿಯ ಕೈ ಸೇರದ ಹಾಗೆ ಬೇರೆ ಇಡಲು ಕೋರಬಹುದು. ಸೇನೆಯ ಕಾನೂನು ನೆರವಿನ ಕಚೇರಿಯಲ್ಲಿ ವಕೀಲರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ.

ಜೊತೆಗೆ ಕಲ್ಚರಲ್ ರಿಸೋರ್ಸಸ್ ಮ್ಯಾನೇಜರಿಗೂ ಒಂದು ಪ್ರತಿ ಕಳಿಸಿ. ಇದನ್ನು ಯಾರೂ ಮಾಡುವುದಿಲ್ಲ, ನಾನು ಮಾಡಿದೆ. ನಮ್ಮ ಜಗಲಿಯ ಕಂಬದ ಬುಡ ಕೊಳೆಯುತ್ತಿದೆ ಅಂತ ನಾಲ್ಕು ತಿಂಗಳು ಹೇಳಿದರೂ ‘ಹೆರಿಟೇಜ್ ಅನುಮತಿ ಬಂದಿಲ್ಲ’ ಅನ್ನುವ ಉತ್ತರವೇ ಬರುತ್ತಿತ್ತು. ಪ್ರತಿ ನೋಡಿದ ಆ ಮೇಡಂ ಮರುದಿನವೇ ಬಂದು, ಮಂಡಿಯೂರಿ ಕೂತು, ಸ್ಕ್ರೂಡ್ರೈವರ್ ತುದಿಯಿಂದ ಮರವನ್ನು ಚುಚ್ಚಿ ನೋಡಿದರು. ಮೂರು ಇಂಚು ಒಳಗೆ ಹೋಯಿತು. ‘ಅನುಮತಿ ಕೇಳಿ ನನ್ನ ಹತ್ತಿರ ಯಾರೂ ಬಂದೇ ಇಲ್ಲವಲ್ಲ’ ಅಂದರು. ಮುಂದಿನ ವಾರ ಕೆಲಸದವರು ಬಂದು ಕಂಬದ ಕೊಳೆತ ಬುಡವನ್ನಷ್ಟೇ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ಮರ ಜೋಡಿಸಿ ಹೋದರು.